ಹಳೆಯ ತೊಲೆಯನ್ನು ಒಲೆಗೆ ಹಾಕುವ ಮುನ್ನ



ಹೊಸ ಅಗ್ರಹಾರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಹಳೆಯ ತೊಟ್ಟಿ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವುದನ್ನು ನೀವು ನೋಡುತ್ತಿದ್ದೀರಿ. ಕೆಡವಿದ ಮನೆಯ ತೊಲೆ, ಜಂತೆ, ಕಂಬ, ದಾರಂದಗಳು ಹಿತ್ತಲಿನಲ್ಲಿ ರಾಶಿ ಬೀಳುತ್ತವೆ. ಮಳೆಯಲ್ಲಿ ಒಂದೆರಡು ವರ್ಷ ನೆನೆದ ಮೇಲೆ ಅವು ಗುಜರಿಯವರ ಪಾಲಾಗುತ್ತವೆ, ಇಲ್ಲವೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ ಸೇರುತ್ತವೆ.

ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಪಡಸಾಲೆಯ ಕಂಬಗಳು ಒಂದೇ ಹಂಗಾಮಿನಲ್ಲಿ ಬೂದಿಯಾದವು. ಬೆಳೆಗೆ ಎಷ್ಟು ಗೊಬ್ಬರ ಹಾಕಬೇಕೆಂದು ಊರಿಗೆಲ್ಲ ಹೇಳುತ್ತಿದ್ದ ನನಗೆ ಆಗ ಆ ಮರದ ಬೆಲೆ ತಿಳಿಯಲಿಲ್ಲ. ಉಳಿದದ್ದು ಒಂದು ಬಾಗಿಲಿನ ಹಲಗೆ ಮಾತ್ರ. ಊರಿನ ಆಚಾರರು ಅದಕ್ಕೆ ನಾಲ್ಕು ಕಾಲು ಕೊಟ್ಟರು. ಈ ಲೇಖನವನ್ನು ಬರೆದಿರುವುದು ಆ ಮೇಜಿನ ಮೇಲೆಯೇ.

ಲೆಕ್ಕ ಹಾಕಿ ನೋಡಿ

ಹತ್ತು ಅಡಿ ಉದ್ದ, ಆರು ಅಂಗುಲ ಅಗಲ, ಆರು ಅಂಗುಲ ದಪ್ಪದ ತೊಲೆಯಲ್ಲಿ ಎರಡೂವರೆ ಘನ ಅಡಿ ಮರವಿರುತ್ತದೆ. ತೇಗವಾದರೆ ತೂಕ ಸುಮಾರು 45 ಕಿಲೋ. ಒಂದು ಕಿಲೋ ಹೊಗೆಸೊಪ್ಪನ್ನು ಹದ ಮಾಡಲು 4ರಿಂದ 5 ಕಿಲೋ ಸೌದೆ ಬೇಕು. ಅಂದರೆ ಆ ತೊಲೆಯನ್ನು ಸುಟ್ಟರೆ ಸುಮಾರು ಹತ್ತು ಕಿಲೋ ಸೊಪ್ಪು ಬೇಯುತ್ತದೆ, ಅಷ್ಟೆ. ಅದೇ ತೊಲೆಯನ್ನು ಕೊಯ್ಸಿದರೆ, ಕೊಯ್ತದಲ್ಲಿ ಅರ್ಧದಷ್ಟು ಕಳೆದರೂ, ಐದು ಅಡಿ ಉದ್ದದ ಗಟ್ಟಿ ಬೆಂಚು ಒಂದಾಗುತ್ತದೆ. ಒಲೆಗೆ ಬೇರೆ ಸೌದೆ ಬೆಳೆದುಕೊಳ್ಳಬಹುದು. ಅಜ್ಜನ ಕಾಲದ ಚೇಗಿನ ಮರವನ್ನು ಮತ್ತೆ ಬೆಳೆಯಲು ನಮ್ಮ ಆಯುಷ್ಯ ಸಾಲದು.

ಹಳೆಯ ಮರದ ಗುಣ

ಹಸಿ ಮರದಲ್ಲಿ ಸಾಮಾನ್ಯವಾಗಿ ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಆ ನೀರು ಆರುವಾಗ ಮರ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಸೀಳುತ್ತದೆ. ಸೂರಿನ ಕೆಳಗೆ ಐವತ್ತು ಅರವತ್ತು ವರ್ಷ ಇದ್ದ ತೊಲೆಯಲ್ಲಿ ತೇವ ನೂರಕ್ಕೆ ಹನ್ನೆರಡರ ಆಸುಪಾಸಿಗೆ ಇಳಿದು ನಿಂತಿರುತ್ತದೆ. ಆಗಬೇಕಾದ ಸೊಟ್ಟ, ಸೀಳು ಆಗಲೇ ಆಗಿ ಮುಗಿದಿರುತ್ತದೆ. ಆದ್ದರಿಂದ ಅದರಿಂದ ಮಾಡಿದ ಮೇಜು ಹೊಸ ಮರದ ಮೇಜಿನಷ್ಟು ಆಟ ಆಡುವುದಿಲ್ಲ.

ಮರದ ಒಳಗಿನ ಬಣ್ಣಗಟ್ಟಿದ ಚೇಗು ಬಾಳಿಕೆ ಬರುತ್ತದೆ. ಹೊರಸುತ್ತಿನ ಬಿಳಿಯ ಭಾಗದಲ್ಲಿ ಪಿಷ್ಟವಿರುವುದರಿಂದ ಕುಟ್ಟೆ ಹುಳು ಮೊದಲು ಅದಕ್ಕೇ ಬೀಳುತ್ತದೆ. ಹಿಂದಿನವರು ದೊಡ್ಡ ಮರದ ಚೇಗನ್ನೇ ಆರಿಸಿ ತೊಲೆಗೆ ಬಳಸುತ್ತಿದ್ದುದು ಈ ಕಾರಣಕ್ಕಾಗಿ.

ಬೇರ್ಪಡಿಸುವ ಕ್ರಮ

1. ಮನೆ ಕೆಡವುವಾಗ ತೊಲೆಗಳನ್ನು ಮೇಲಿನಿಂದ ಬೀಳಿಸಬೇಡಿ. ಹಗ್ಗ ಕಟ್ಟಿ ಇಳಿಸಿ. ಬಿದ್ದ ಮರದಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ.

2. ಮೂಲೆಯಲ್ಲಿ ಉಳಿಯಿಂದ ಚೂರು ಕೆತ್ತಿ ಮರವನ್ನು ಗುರುತಿಸಿ. ಹೊನ್ನೆಯ ಚೂರನ್ನು ನೀರಿನಲ್ಲಿ ನೆನೆಸಿದರೆ ನೀರು ಬಣ್ಣಕ್ಕೆ ತಿರುಗುತ್ತದೆ. ಹಲಸು ಒಳಗೆ ಹಳದಿ, ಗಾಳಿ ಬೆಳಕಿಗೆ ಕಂದಾಗುತ್ತದೆ. ಗಾಡಿಯ ಭಾಗಗಳಲ್ಲಿ ಸಾಮಾನ್ಯವಾಗಿ ಸಿಕ್ಕುವ ಕರಿಜಾಲಿ ಬಹಳ ಗಟ್ಟಿ. ಅದು ಮೇಜಿನ ಕಾಲಿಗೆ ಒಳ್ಳೆಯದು.

3. ಮೊಳೆಗಳನ್ನೆಲ್ಲ ಕೀಳಿ. ಮುರಿದು ಒಳಗೇ ಉಳಿದ ಮೊಳೆಯನ್ನು ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿ ಹುಡುಕಿ. ಒಂದು ಮೊಳೆ ಸಾಕು, ಮಿಲ್ಲಿನ ಗರಗಸದ ಹಲ್ಲು ಹಾರಿಹೋಗುತ್ತದೆ. ಮಿಲ್ಲಿನವರು ಹಳೆಯ ಮರ ಕೊಯ್ಯಲು ಒಪ್ಪದಿರುವುದು ಇದಕ್ಕೇ.

4. ನೆಲದಿಂದ ಒಂದು ಅಡಿ ಎತ್ತರದಲ್ಲಿ, ಸೂರಿನ ಕೆಳಗೆ ಜೋಡಿಸಿ. ಸಾಲು ಸಾಲಿನ ನಡುವೆ ಎರಡು ಅಡಿಗೊಂದರಂತೆ ಅಂಗುಲ ದಪ್ಪದ ಪಟ್ಟಿ ಇಡಿ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಡಿ. ಗಾಳಿಯಾಡಬೇಕು.

ಕುಟ್ಟೆ ಹಿಡಿದ ಮರ

ಸಣ್ಣ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆ ಎಂದು ತಿಳಿಯಿರಿ. ಅಂಥ ಮರವನ್ನು ಮನೆಯೊಳಗೆ ತರಬೇಡಿ. ಬಿಳಿ ಭಾಗವನ್ನು ಪೂರ್ತಿ ಕೆತ್ತಿ ತೆಗೆಯಿರಿ. ಬಳಿಕ 10 ಲೀಟರ್ ನೀರಿಗೆ 200 ಗ್ರಾಂ ಬೋರಿಕ್ ಆಮ್ಲ ಮತ್ತು 300 ಗ್ರಾಂ ಬಿಳಿಗಾರ ಕರಗಿಸಿ, ಉಜ್ಜುಗೊರಡು ಹಾಕಿದ ಮರಕ್ಕೆ ಎರಡು ಮೂರು ಸಲ ಕುಂಚದಿಂದ ಹಚ್ಚಿ ಒಣಗಿಸಿ. ಇದು ನೀರಿಗೆ ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ ಸರಿ. ಊಟದ ಹಲಗೆಗೆ, ಮಕ್ಕಳ ತೊಟ್ಟಿಲಿಗೆ ಬಳಸಕೂಡದು. ದ್ರಾವಣವನ್ನು ಮಕ್ಕಳ ಮತ್ತು ದನಕರುಗಳ ಕೈಗೆಟುಕದಂತೆ ಇಡಿ.

ಬಳಸಬಾರದ ಮರ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಿಂದೆ ಕಣಜ, ಕಾಳಿನ ಪೆಟ್ಟಿಗೆಗಳಿಗೆ ಬಿ.ಎಚ್.ಸಿ., ಡಿ.ಡಿ.ಟಿ. ಪುಡಿ ಎರಚುವ ರೂಢಿಯಿತ್ತು. ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಆದರೆ ಈ ವಿಷಗಳು ಬೇಗ ಕರಗಿ ಹೋಗುವಂಥವಲ್ಲ. ಅಂಥ ಪೆಟ್ಟಿಗೆಯ ಹಲಗೆಯಿಂದ ಊಟದ ಮೇಜು, ಮಂಚ, ತೊಟ್ಟಿಲು ಮಾಡಿಸಬೇಡಿ, ಒಲೆಗೂ ಹಾಕಬೇಡಿ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದ್ದಂತೆಯೇ ಉಜ್ಜಿ ಪುಡಿ ಎಬ್ಬಿಸುವುದಾಗಲಿ, ಸುಟ್ಟು ತೆಗೆಯುವುದಾಗಲಿ ಅಪಾಯ. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಒಟ್ಟುಮಾಡಿ ದೂರ ಹಾಕಿ.

ಜೋಡಣೆ ಮತ್ತು ಎಣ್ಣೆ

ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಅಲುಗದಂತೆ ಮೊಳೆ ಬಡಿದು ಬಿಗಿದರೆ ಸೀಳುತ್ತದೆ, ಆಡಲು ಸ್ವಲ್ಪ ಎಡೆ ಬಿಡಬೇಕು. ಕಾಲು ಮತ್ತು ಅಡ್ಡಪಟ್ಟಿಗಳಿಗೆ ಕಬ್ಬಿಣದ ಮೊಳೆಗಿಂತ ಹಳೆಯ ಪದ್ಧತಿಯೇ ಮೇಲು: ಒಂದರ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುವುದು. ಅಂಥ ಜೋಡಣೆ ಸಡಿಲವಾದರೆ ಗೂಟ ಬದಲಿಸಿದರೆ ಸಾಕು.

ಕೊನೆಗೆ ಕಾಯಿಸಿ ತಯಾರಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒಂದು ದಿನ ಬಿಟ್ಟು ಮತ್ತೊಮ್ಮೆ ಹಚ್ಚಿ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಕಡಲೆಕಾಯಿ, ಹರಳೆಣ್ಣೆ ಹಾಗಾಗದೆ ಜಿಡ್ಡು ಹಿಡಿಯುತ್ತವೆ. ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರವಿ ಒಣಗಿಸಿ.

ಕೈ ಬಲ್ಲವರು ಇದ್ದಾರೆ

ಹುಣಸೂರಿನಲ್ಲಿ ಹಿಂದೆ ಸೈನ್ಯದ ಉಗ್ರಾಣ, ಚರ್ಮದ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಂಗಳ ಇದ್ದವು. 1864ರಲ್ಲಿ ಅವು ಮುಚ್ಚಿದರೂ ಅಲ್ಲಿ ಪಳಗಿದ ಕುಶಲಕರ್ಮಿಗಳು ಊರಿನಲ್ಲೇ ಉಳಿದರು. ಮಣಿಪಾಲದ ದಿವಂಗತ ವಿಜಯನಾಥ ಶೆಣೈಯವರು ಇನ್ನೂ ದೊಡ್ಡ ಕೆಲಸ ಮಾಡಿ ತೋರಿಸಿದರು. ಕೆಡವಲಿದ್ದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ತಂದು ಅವರು ತಮ್ಮ 'ಹಸ್ತಶಿಲ್ಪ' ಮನೆಯನ್ನು ಕಟ್ಟಿದರು, ಬಳಿಕ ಮನೆಗಳನ್ನೇ ಬಿಡಿಸಿ ತಂದು ಪಾರಂಪರಿಕ ಗ್ರಾಮವಾಗಿ ನಿಲ್ಲಿಸಿದರು. ಜನರು ಇಂದು ಅವನ್ನು ನೋಡಲು ದೂರದಿಂದ ಬರುತ್ತಾರೆ.

ನಿಮ್ಮ ಊರಿನ ಆಚಾರರಿಗೂ ಉಳಿ, ಬಾಚಿ ಹಿಡಿಯಲು ಬರುತ್ತದೆ. ನೇಗಿಲು, ಗಾಡಿಗಳ ಕೆಲಸ ಟ್ರ್ಯಾಕ್ಟರಿನಿಂದಾಗಿ ಕಡಿಮೆಯಾಗಿದೆ. ಮರ ನಿಮ್ಮದು, ಕೈ ಅವರದು. ಮೊದಲು ಒಂದು ಬೆಂಚು ಮಾಡಿಸಿ ನೋಡಿ. ಮಾರುವ ಉದ್ದೇಶವಿದ್ದರೆ, ತೇಗ, ಬೀಟೆ, ಹೊನ್ನೆ ಹಳೆಯದಾದರೂ ಊರಿಂದಾಚೆಗೆ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮನೆ ಕೆಡವುವ ಮೊದಲು ತೆಗೆದ ಒಂದು ಫೋಟೋ ಕೈಯಲ್ಲಿದ್ದರೆ ಮರ ಎಲ್ಲಿಯದೆಂದು ತೋರಿಸಲು ಅನುಕೂಲ.

ಈ ಸಲ ಸೊಪ್ಪು ಬೇಯಿಸುವ ಕಾಲ ಬರುವ ಮುನ್ನ ಹಿತ್ತಲಿನ ರಾಶಿಯನ್ನು ಒಮ್ಮೆ ತಿರುವಿ ಹಾಕಿ. ಒಲೆಗೆ ಹೋಗಬೇಕಾದದ್ದು ಹೋಗಲಿ. ಚೇಗಿನ ತುಂಡನ್ನು ಮಾತ್ರ ಬದಿಗಿಡಿ.