ಲಿವರ್‌ನಲ್ಲಿ ಗಂಟು: ಗಾಬರಿ ಬೇಡ, ಅಲಕ್ಷ್ಯವೂ ಬೇಡ

ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟಿನಲ್ಲಿ ‘ಲಿವರ್‌ನಲ್ಲಿ ನಾಡ್ಯೂಲ್’ ಎಂದಿದ್ದರೆ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ಹೆದರುತ್ತಾರೆ. ನಾಡ್ಯೂಲ್ ಎಂದರೆ ಗಂಟು ಎಂದಷ್ಟೇ ಅರ್ಥ. ಅದು ರೋಗದ ಹೆಸರಲ್ಲ.

ಆರೋಗ್ಯವಾಗಿರುವ ಲಿವರ್‌ನಲ್ಲಿ ಆಕಸ್ಮಿಕವಾಗಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ. ರಕ್ತನಾಳಗಳ ಗೊಂಚಲಾದ ಹೆಮಾಂಜಿಯೋಮಾ, ನೀರು ತುಂಬಿದ ಸಿಸ್ಟ್ ಇವಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗುವುದಿಲ್ಲ. ಗರ್ಭನಿರೋಧಕ ಮಾತ್ರೆಯನ್ನು ಬಹುಕಾಲ ಸೇವಿಸಿದ ಮಹಿಳೆಯರಲ್ಲಿ ಅಡಿನೋಮಾ ಎಂಬ ಗಂಟು ಬರಬಹುದು. ಕೀವು, ಕ್ಷಯ ರೋಗವೂ ಗಂಟಿನಂತೆ ಕಾಣುವುದುಂಟು. ಕರುಳು, ಸ್ತನ ಮೊದಲಾದ ಅಂಗಗಳ ಕ್ಯಾನ್ಸರ್ ಲಿವರ್‌ಗೆ ಹರಡಿದಾಗಲೂ ಗಂಟುಗಳು ಕಾಣುತ್ತವೆ.

ಲಿವರ್ ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಇದ್ದರೆ ಎಚ್ಚರ ಹೆಚ್ಚು ಬೇಕು. ಅಲ್ಲಿ ಹೊಸ ಗಂಟು ಲಿವರ್ ಕ್ಯಾನ್ಸರ್ ಆಗಿರುವ ಸಾಧ್ಯತೆ ಇರುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಸಿರೋಸಿಸ್ ಇಲ್ಲದೆಯೂ ಈ ಅಪಾಯವಿದೆ.

‘ನಾವು ಮದ್ಯ ಮುಟ್ಟುವವರಲ್ಲ, ಶುದ್ಧ ಸಸ್ಯಾಹಾರಿಗಳು, ಲಿವರ್‌ಗೆ ಏನಾದೀತು?’ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಸಕ್ಕರೆ ಕಾಯಿಲೆ, ಬೊಜ್ಜು ಇದ್ದರೆ ಸಸ್ಯಾಹಾರಿಗಳಿಗೂ ಫ್ಯಾಟಿ ಲಿವರ್ ಬರುತ್ತದೆ. ಕೆಲವರಲ್ಲಿ ಅದೇ ವರ್ಷಗಳ ನಂತರ ಸಿರೋಸಿಸ್‌ಗೆ ತಿರುಗುತ್ತದೆ.

ರಿಪೋರ್ಟ್ ಬಂದ ಮೇಲೆ ಹಳೆಯ ಸ್ಕ್ಯಾನ್‌ಗಳನ್ನೂ ತೆಗೆದುಕೊಂಡು ವೈದ್ಯರನ್ನು ಕಾಣಬೇಕು. ಔಷಧಿ ಕೊಟ್ಟು ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ., ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಎ.ಎಫ್.ಪಿ. ರಕ್ತಪರೀಕ್ಷೆಗಳಿಂದ ಬಹುಪಾಲು ಉತ್ತರ ಸಿಗುತ್ತದೆ. ಕೆಲವರಿಗೆ ಮಾತ್ರ ಬಯಾಪ್ಸಿ ಬೇಕಾಗಬಹುದು. ಸಿರೋಸಿಸ್ ಇರುವವರು 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು. ಕ್ಯಾನ್ಸರ್ ಆಗಿದ್ದರೂ ಗಂಟು ಚಿಕ್ಕದಿದ್ದಾಗ ಪತ್ತೆಯಾದರೆ ಗುಣವಾಗುವ ಅವಕಾಶ ಹೆಚ್ಚು.