ಗೆರೆಯೊಳಗಿದ್ದರೆ ಸಾಕೇ?

ಪ್ರಶ್ನೆ: ಗುಣಮಟ್ಟ ನಿಯಂತ್ರಣ ನಕ್ಷೆಯಲ್ಲಿ ಎಲ್ಲ ಚುಕ್ಕೆಗಳೂ ಮಿತಿಗೆರೆಗಳ ನಡುವೆಯೇ ಇದ್ದರೆ ಮಾಲು ಸರಿಯಿದೆ ಎಂದರ್ಥವೇ?

ಉತ್ತರ: ಹಾಗೇನಿಲ್ಲ. ಆ ಗೆರೆಗಳು ಗಿರಾಕಿ ಕೇಳಿದ ಅಳತೆಯವಲ್ಲ; ಯಂತ್ರ ತನ್ನ ಪಾಡಿಗೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಅದರದೇ ಅಂಕಿಗಳಿಂದ ಲೆಕ್ಕ ಹಾಕಿ ಎಳೆದವು. 1924ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಈ ನಕ್ಷೆಯನ್ನು ರೂಪಿಸಿದ್ದೇ ಸಹಜ ಏರಿಳಿತವನ್ನೂ ಕಾರಣವಿರುವ ಕೆಡುಕನ್ನೂ ಬೇರ್ಪಡಿಸಲು. ಹಾಗಾಗಿ ಯಂತ್ರವೊಂದು ಅತ್ಯಂತ ಶಿಸ್ತಿನಿಂದ, ಒಂದೇ ಸಮನೆ ಕೆಟ್ಟ ಮಾಲನ್ನೇ ಕೊಡುತ್ತಿರಬಹುದು! ಇನ್ನು ಗೆರೆ ದಾಟದೆಯೂ ನಕ್ಷೆ ಎಚ್ಚರಿಸುತ್ತದೆ. ಸತತ ಎಂಟು ಚುಕ್ಕೆಗಳು ನಡುಗೆರೆಗಿಂತ ಮೇಲ್ಭಾಗದಲ್ಲೇ ಬಿದ್ದರೆ, ಬರೀ ಆಕಸ್ಮಿಕವಾಗಿ ಹಾಗಾಗುವ ಸಂಭವ 256ರಲ್ಲಿ ಒಂದು; ಹಾಗಾಗಿ ಸರಾಸರಿಯೇ ಸರಿದಿರಬೇಕು.

ಹಾಗಿದ್ದರೆ ಗೆರೆಗಳನ್ನು ಇನ್ನೂ ಬಿಗಿ ಮಾಡಿ, ಚುಕ್ಕೆ ತುಸು ಅಲುಗಿದೊಡನೆ ಯಂತ್ರ ತಿರುಗಿಸಬಾರದೇಕೆ ಎಂದು ಕೇಳಬಹುದು. ಅಂಕಿಗಳು ಪ್ರಸಾಮಾನ್ಯ ವಿತರಣೆಯಲ್ಲಿದ್ದರೆ, ಮೂರು ಮಾನಕ ವಿಚಲನೆಯ ದೂರದಲ್ಲಿ ಎಳೆದ ಗೆರೆಗಳು ಸುಮಾರು 370 ಚುಕ್ಕೆಗಳಿಗೊಮ್ಮೆ ಸುಳ್ಳು ಕೂಗುತ್ತವೆ. ಎರಡಕ್ಕೆ ಇಳಿಸಿದರೆ ಸುಮಾರು 22ಕ್ಕೊಮ್ಮೆ. ಸುಳ್ಳು ಕರೆಗೆ ಓಡಿದ ಶ್ರಮವಷ್ಟೇ ಹೋದರೆ ಚಿಂತೆಯಿರಲಿಲ್ಲ. ಆದರೆ ಸ್ಥಿರವಾದ ಯಂತ್ರವನ್ನು ಪ್ರತಿ ಸಲವೂ ಹಿಂದಿನ ತಪ್ಪಿನಷ್ಟೇ ಎದುರು ದಿಕ್ಕಿಗೆ ತಿರುಗಿಸುತ್ತ ಹೋದರೆ ಏರಿಳಿತದ ವಿಚರಣೆ (ಮಾನಕ ವಿಚಲನೆಯ ವರ್ಗ) ಇಮ್ಮಡಿಯಾಗುತ್ತದೆ. ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಆಲಿಕೆಯಿಂದ ಗೋಲಿ ಬೀಳಿಸಿ ಇದನ್ನೇ ತೋರಿಸುತ್ತಿದ್ದರು. ನಿಧಾನವಾದ ಸಣ್ಣ ಪಲ್ಲಟವನ್ನು ಶೂಹಾರ್ಟ್ ನಕ್ಷೆ ತಡವಾಗಿ ಹಿಡಿಯುತ್ತದೆಂಬ ದೂರು ಮಾತ್ರ ನ್ಯಾಯವೇ. ಅದಕ್ಕೆ ವಿಚಲನೆಗಳನ್ನು ಕೂಡಿಸುತ್ತ ಹೋಗುವ ಸಂಚಿತ ಮೊತ್ತದ ನಕ್ಷೆ ಬೇರೆಯೇ ಇದೆ.