ಆರತಕ್ಷತೆ ಸ್ಟೇಜಿಗೆ ಅಮ್ಮನ ಸೀರೆಗಳೇ ಸಾಕಾದವು

ಮಾಘ ಮಾಸದಲ್ಲಿ ನನ್ನ ತಂಗಿಯ ಮದುವೆ. ಬೆಂಗಳೂರಿನ ಹಳೇ ಬಡಾವಣೆಯೊಂದರ ಛತ್ರ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಛತ್ರ, ಅಡುಗೆ, ಒಡವೆ, ಜವಳಿ ಎಲ್ಲದರ ಲೆಕ್ಕ ಮುಗಿದ ಮೇಲೆ ಉಳಿದಿದ್ದು ಡೆಕೋರೇಷನ್. ಡೆಕೋರೇಟರ್ ಮನೆಗೇ ಬಂದು ಮೊಬೈಲಿನಲ್ಲಿ ಒಂದೊಂದೇ ಫೋಟೊ ತೋರಿಸಿದರು. ತಂಗಿ ಬೆರಳಿಟ್ಟ ಸ್ಟೇಜಿಗೆ ಅವರು ಹೇಳಿದ ರೇಟು 1,65,000 ರೂಪಾಯಿ. ಅದೂ ಸಂಜೆಯ ನಾಲ್ಕು ಗಂಟೆಗೆ!

ಅಪ್ಪ ‘ನೋಡೋಣ’ ಅಂದರು, ಅಷ್ಟೇ. ಎರಡು ದಿನ ಬಿಟ್ಟು ಊಟದ ಟೇಬಲ್ ಮೇಲೆ ಬ್ಯಾಂಕಿನ ಅರ್ಜಿಯೊಂದು ಕಣ್ಣಿಗೆ ಬಿತ್ತು. ನಿವೃತ್ತಿಯಾದಾಗ ಇಟ್ಟಿದ್ದ ಎಫ್‌ಡಿಯನ್ನು ಅವಧಿಗೆ ಮೊದಲೇ ಮುರಿಸಲು ಅರ್ಧ ತುಂಬಿದ್ದ ಅರ್ಜಿ.

‘ಅಪ್ಪಾ, ಇದನ್ನ ಸದ್ಯಕ್ಕೆ ಎತ್ತಿಡಿ. ಡೆಕೋರೇಷನ್ ನನಗೆ ಬಿಡಿ’ ಅಂದೆ. ಅಪ್ಪ ಸುಮ್ಮನಾದರು. ತಂಗಿ ಸುಮ್ಮನಾಗಲಿಲ್ಲ. ‘ನಿನ್ನ ರಿಸೆಪ್ಷನ್‌ಗೆ ಆರ್ಕಿಡ್ ಬಂದಿತ್ತಲ್ಲಕ್ಕಾ, ನನಗೆ ಮಾತ್ರ ಲೆಕ್ಕಾಚಾರನಾ?’

ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ನನ್ನ ಬಳಿ ಉತ್ತರ ಇರಲಿಲ್ಲ.

ಆಲ್ಬಮ್ ಕಲಿಸಿದ ಪಾಠ

ಉತ್ತರ ಸಿಕ್ಕಿದ್ದು ನನ್ನದೇ ಮದುವೆಯ ಆಲ್ಬಮ್‌ನಲ್ಲಿ. ಅಕ್ಕತಂಗಿ ಇಬ್ಬರೂ ಕೂತು ಸ್ಟೇಜ್ ಫೋಟೊಗಳನ್ನು ತಿರುವಿದೆವು. ಪ್ರತಿ ಫೋಟೊದಲ್ಲೂ ನಮ್ಮಿಬ್ಬರ ಅಕ್ಕಪಕ್ಕ ಆರೆಂಟು ಜನ. ಸೋಫಾದ ಹಿಂದೆ ಸೊಂಟದೆತ್ತರಕ್ಕೆ ಜೋಡಿಸಿದ್ದ ಆರ್ಕಿಡ್ ಅವರ ಹಿಂದೆ ಮಾಯ! ಸೀಲಿಂಗ್‌ಗೆ ಎಳೆದಿದ್ದ ಬಟ್ಟೆ ಹುಡುಕಿದರೂ ಎರಡೇ ಫೋಟೊದಲ್ಲಿ ಸಿಕ್ಕಿತು. ನಡೆದು ಬರುವ ದಾರಿಯ ಹೂಕುಂಡಗಳಂತೂ ಒಂದರಲ್ಲೂ ಇರಲಿಲ್ಲ.

‘ಇದಕ್ಕಾ ಅಷ್ಟು ದುಡ್ಡು ಕೊಟ್ಟಿದ್ದು?’ ಅಂದಳು ತಂಗಿ. ನಮ್ಮ ಪ್ಲಾನ್ ಶುರುವಾಗಿದ್ದೇ ಅಲ್ಲಿಂದ. ಯಾವ ಅಲಂಕಾರವನ್ನು ಯಾರು, ಎಷ್ಟು ಹೊತ್ತು ನೋಡ್ತಾರೆ ಅಂತ ಕೇಳಿಕೊಂಡು ಪಟ್ಟಿ ಮಾಡಿದೆವು. ಉಳಿದದ್ದು ಮೂರೇ: ವಧೂವರರ ತಲೆಯ ಮೇಲಿನ ಹಿನ್ನೆಲೆ, ಛತ್ರದ ಬಾಗಿಲು, ಮತ್ತು ಉಡುಗೊರೆ ಹಿಡಿದು ಜನ ಕ್ಯೂ ನಿಲ್ಲುವ ಗೋಡೆ. ಬಜೆಟ್ 45,000 ರೂಪಾಯಿ ಅಂತ ಗೆರೆ ಎಳೆದೆವು.

ಹನ್ನೆರಡು ಸೀರೆಯ ಪರದೆ

ಸ್ಟೇಜ್ ಅಗಲ 20 ಅಡಿ. ಆರು ಗಜದ ಸೀರೆ ಅಂದರೆ 18 ಅಡಿ ಉದ್ದ. ಅಡ್ಡ ಕಂಬಿಯ ಮೇಲೆ ಅರ್ಧಕ್ಕೆ ಇಳಿಬಿಟ್ಟರೆ 9 ಅಡಿ ಎತ್ತರದ ಪರದೆ ಸಿದ್ಧ. ಸೀರೆಯ ಅಗಲ ಹೆಚ್ಚುಕಡಿಮೆ 45 ಇಂಚು. ಚೆನ್ನಾಗಿ ನೆರಿಗೆ ಬರಬೇಕೆಂದರೆ ಬಟ್ಟೆ ಎರಡರಷ್ಟು ಬೇಕು. ಹಾಗಾಗಿ 12 ಸೀರೆ. ಅಂಚು ಉದ್ದಕ್ಕೆ ಇರುವುದರಿಂದ ಜರಿಯ ಗೆರೆಗಳು ಮೇಲಿಂದ ಕೆಳಗೆ ತಾವಾಗಿಯೇ ಬೀಳುತ್ತವೆ.

ಅಮ್ಮನವು ಐದು, ದೊಡ್ಡಮ್ಮನವು ಮೂರು, ಸೋದರತ್ತೆಯವು ಎರಡು. ವಿಷಯ ತಿಳಿದು ಬೀಗಿತ್ತಿಯೂ ಎರಡು ಕಳಿಸಿಕೊಟ್ಟರು. ಅರಿಶಿನ, ಕುಂಕುಮ, ಹಸಿರು, ಈ ಮೂರೇ ಬಣ್ಣ ಅಂತ ಮೊದಲೇ ಹೇಳಿದ್ದೆವು. ಇಲ್ಲದಿದ್ದರೆ ಸ್ಟೇಜ್ ಸೀರೆ ಅಂಗಡಿಯ ಥರ ಕಾಣುತ್ತೆ.

ರೇಷ್ಮೆಗೆ ಪಿನ್ ಚುಚ್ಚಲೇಬೇಡಿ. ಕಂಬಿಗೆ ಹಳೇ ಪಂಚೆ ಸುತ್ತಿ, ಮೇಲೆ ಸೀರೆ ಹಾಕಿ, ಕ್ಲಿಪ್ ಸಿಕ್ಕಿಸಿ. ದೀಪದ ಕಂಬಗಳನ್ನು ಪರದೆಯಿಂದ ದೂರ ಇಡಿ. ಯಾರ ಸೀರೆ ಎಂದು ಚೀಟಿ ಬರೆದಿಡಿ, ಮದುವೆ ಮುಗಿದ ಗಲಾಟೆಯಲ್ಲಿ ಅದು ಬಹಳ ದೊಡ್ಡ ಸಹಾಯ.

ಹೂವು: ಸೀಸನ್ ನೋಡಿ ಆರಿಸಿ

ತಂಗಿಗೆ ಮಲ್ಲಿಗೆಯ ಪರದೆ ಬೇಕಿತ್ತು. ಆದರೆ ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಕಡಿಮೆ, ಬೆಲೆ ಏರಿರುತ್ತೆ. ಮಲ್ಲಿಗೆಯ ಆಸೆ ಇದ್ದರೆ ಬೇಸಿಗೆಯ ಮದುವೆಯೇ ಸರಿ. ವರಮಹಾಲಕ್ಷ್ಮಿ, ಗೌರಿಗಣೇಶ, ಆಯುಧಪೂಜೆಯ ಹಿಂದೆಮುಂದೆ ಎಲ್ಲ ಹೂವೂ ದುಬಾರಿ. ನಾವು ಸೇವಂತಿಗೆ, ಚೆಂಡುಹೂವು, ಸುಗಂಧರಾಜಕ್ಕೆ ಬಂದೆವು. ಮಲ್ಲಿಗೆ ಅವಳ ಜಡೆಗೆ ಮಾತ್ರ.

ಕೆ.ಆರ್. ಮಾರ್ಕೆಟ್‌ಗೆ ಬೆಳಗಿನ ಜಾವವೇ ಹೋಗಬೇಕು. ತಡವಾದಷ್ಟೂ ಒಳ್ಳೆಯ ಮಾಲು ಖಾಲಿ. ಬಿಡಿ ಹೂವು ಕೆ.ಜಿ. ಲೆಕ್ಕದಲ್ಲಿ ತಂದು, ಕಟ್ಟುವವರಿಗೆ ಕೂಲಿ ಕೊಟ್ಟರೆ ರೆಡಿ ಹಾರಕ್ಕಿಂತ ಅಗ್ಗ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ‘ಬೆಳಿಗ್ಗೆ ಎದ್ದು ಹೋಗೋದ್ಯಾರು’ ಅಂತ ಸೇವಂತಿಗೆಯ ಒಂದು ಪಾಲನ್ನು ಹಿಂದಿನ ರಾತ್ರಿಯೇ ತಂದು, ಪ್ಲಾಸ್ಟಿಕ್ ಕವರ್ ಬಾಯಿ ಕಟ್ಟಿ ಮೂಲೆಗಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಒಳಗೆಲ್ಲ ಬಿಸಿ, ಎಸಳೆಲ್ಲ ಕಂದು. ಸುಮಾರು ಐದು ಕೆ.ಜಿ. ಹೂವು ಕಸಕ್ಕೆ ಹೋಯಿತು. ಖಾಲಿ ಉಳಿದ ಜಾಗವನ್ನು ಮಾವಿನೆಲೆ ತುಂಬಿಸಿತು. ಹೂವನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಹರಡಿ, ಗಾಳಿಯಾಡುವ ಕಡೆ ಇಡಬೇಕು.

ಹೂವೆಲ್ಲ ಆರು ಅಡಿಯಿಂದ ಮೇಲಕ್ಕೇ ಕಟ್ಟಿಸಿದೆವು. ಎಂಟು ಜನ ನಿಂತರೂ ಅವರ ತಲೆಯ ಮೇಲೆ ಹೂವು ಕಾಣಬೇಕಲ್ಲ!

ಬಾಗಿಲಿಗೆ ಬಾಳೆ, ಸ್ಟೇಜಿಗೆ ಬೆಳಕು

ಬಾಗಿಲಿಗೆ ಗೊನೆ ಇರುವ ಬಾಳೆಕಂಬ, ಮಾವಿನ ತೋರಣ, ತೆಂಗಿನ ಗರಿ. ಇದು ಮರುದಿನದ ಮುಹೂರ್ತಕ್ಕೂ ಆಯಿತು. ಎರಡೂ ದಿನ ಉಳಿಯುವ ಜಾಗಕ್ಕೆ ಹಾಕಿದ ದುಡ್ಡು ದಂಡ ಅಲ್ಲ.

ಛತ್ರದ ಬಿಳಿ ಟ್ಯೂಬ್‌ಲೈಟ್‌ನಲ್ಲಿ ಎಂಥ ರೇಷ್ಮೆಯೂ ಮಂಕು. ಸ್ಟೇಜ್ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಹಳದಿ ಬೆಳಕಿನ ಎಂಟು ಎಲ್ಇಡಿ ಪಾರ್ ಲೈಟ್‌ಗಳನ್ನು ನೆಲದಿಂದ ಪರದೆಯ ಕಡೆ ತಿರುಗಿಸಿದೆವು. ಜರಿ ಮಿನುಗಿತು. ವೈರಿಂಗ್ ಮತ್ತು ಫ್ರೇಮ್ ಕಟ್ಟುವ ಕೆಲಸ ಮಾತ್ರ ಗೊತ್ತಿರುವವರಿಗೇ ಕೊಡಿ. ಏಣಿ ಹತ್ತಿಸಿ ಕಸಿನ್‌ಗಳ ಕೈಕಾಲು ಮುರಿಸುವುದು ಉಳಿತಾಯ ಅಲ್ಲ.

ಹೆಸರಿನ ಬೋರ್ಡ್‌ಗೆ ಫ್ಲೆಕ್ಸ್ ಬೇಡವೆಂದೆವು. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧವಿದೆ. ಅಲಂಕಾರದ ಥರ್ಮೋಕೋಲ್‌ಗೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಚಿಕ್ಕಪ್ಪನ ಮಗ ಖಾದಿ ಬಟ್ಟೆಯ ಮೇಲೆ ಬಣ್ಣದಲ್ಲಿ ಹೆಸರು ಬರೆದುಕೊಟ್ಟ.

ಕ್ಯೂ ನಿಂತವರಿಗೊಂದು ಗೋಡೆ

ಆರತಕ್ಷತೆಯಲ್ಲಿ ಜನ ಅತಿ ಹೆಚ್ಚು ಹೊತ್ತು ನಿಲ್ಲುವುದು ಕ್ಯೂನಲ್ಲಿ. ಅಲ್ಲಿ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಎರಡೂ ಮನೆಯ ಹಳೇ ಮದುವೆ ಫೋಟೊಗಳನ್ನು ತೂಗುಹಾಕಿದೆವು. ಅಜ್ಜಿ ತಾತ ಕುರ್ಚಿಯಲ್ಲಿ ಸೆಟೆದು ಕೂತ ಕಪ್ಪುಬಿಳುಪಿನದು, ಅಪ್ಪ ಅಮ್ಮನ ಬಣ್ಣ ಮಾಸಿದ್ದು, ಬೀಗರ ಮನೆಯ ಚಪ್ಪರದ್ದು.

ಖರ್ಚಿನಲ್ಲಿ ಇದೇ ಅತಿ ಸಣ್ಣ ಬಾಬ್ತು. ಆದರೆ ಜನ ಸೇರಿದ್ದು ಇಲ್ಲೇ. ‘ಇದು ನಿಮ್ಮಪ್ಪನಾ? ತಲೇಲಿ ಇಷ್ಟೊಂದು ಕೂದಲಿತ್ತಾ!’ ಅಂತ ಯಾರೋ ಕೇಳಿದರೆ ಅಪ್ಪ ನಗುತ್ತಾ ಪಕ್ಕದಲ್ಲೇ ನಿಂತಿದ್ದರು.

ಆದ ಖರ್ಚು (ರೂಪಾಯಿಗಳಲ್ಲಿ)

- ಫ್ರೇಮ್, ಸೋಫಾ ಬಾಡಿಗೆ, ಕಟ್ಟುವ ಕೂಲಿ: 16,000
- ಲೈಟ್, ಎಲೆಕ್ಟ್ರಿಷಿಯನ್: 7,500
- ಹೂವು, ಹೂ ಕಟ್ಟಿದ ಕೂಲಿ: 11,200
- ಬಾಳೆಕಂಬ, ಮಾವಿನೆಲೆ, ತೆಂಗಿನ ಗರಿ, ಸಾಗಣೆ: 3,400
- ಹೆಸರಿನ ಬೋರ್ಡ್, ಹಗ್ಗ, ಕ್ಲಿಪ್: 1,400
- ಫೋಟೊ ಪ್ರಿಂಟ್: 1,200
- ಕೆಲಸದವರ ಊಟ, ಕಾಫಿ, ಭಕ್ಷೀಸು: 2,100

ಒಟ್ಟು 42,800.

ಛತ್ರಕ್ಕೆ ಅಡ್ವಾನ್ಸ್ ಕೊಡುವ ಮುನ್ನ ಕೇಳಿ

- ಹೊರಗಿನ ಡೆಕೋರೇಟರ್‌ಗೆ ಒಪ್ಪಿಗೆ ಇದೆಯೇ? ಅದಕ್ಕೆ ಪ್ರತ್ಯೇಕ ಶುಲ್ಕ ಇದೆಯೇ?
- ಕೀಲಿ ಎಷ್ಟು ಗಂಟೆಗೆ ಸಿಗುತ್ತೆ? ನಮಗೆ ಮಧ್ಯಾಹ್ನ 12ಕ್ಕೆ ಸಿಕ್ಕಿತು, ಆರು ಗಂಟೆಯಲ್ಲಿ ಮುಗಿಸಬೇಕಾಯಿತು.
- ಕರೆಂಟ್ ಬಿಲ್ ಮೀಟರ್ ಲೆಕ್ಕವೋ, ಬಾಡಿಗೆಯಲ್ಲೇ ಸೇರಿದೆಯೋ? ಜನರೇಟರ್ ಡೀಸೆಲ್ ಯಾರದು?
- ಗೋಡೆಗೆ ಟೇಪ್, ಮೊಳೆ ಹಾಕಬಹುದೇ?
- ಹೂವಿನ ಕಸ ತೆಗೆಯುವುದು ಯಾರ ಜವಾಬ್ದಾರಿ?

ನಮ್ಮ ಸ್ಟೇಜ್ ಡೆಕೋರೇಟರ್ ತೋರಿಸಿದ ಫೋಟೊದಂತೆ ಇರಲಿಲ್ಲ, ನಿಜ. ಬಲಗಡೆಯ ಸೀರೆ ಸ್ವಲ್ಪ ಜಗ್ಗಿತ್ತು. ‘ಇನ್ನೊಂಚೂರು ಗ್ರ್ಯಾಂಡ್ ಆಗಿದ್ದಿದ್ರೆ’ ಅಂತ ಇಬ್ಬರು ನೆಂಟರು ಹೇಳಿದ್ದು ನನ್ನ ಕಿವಿಗೂ ಬಿತ್ತು. ತಂಗಿ ಆ ರಾತ್ರಿ ಏನೂ ಹೇಳಲಿಲ್ಲ. ಫೋಟೊ ಬಂದ ಮೇಲೆ ಅವಳು ವಾಟ್ಸ್ಆ್ಯಪ್ ಡಿಪಿಗೆ ಹಾಕಿಕೊಂಡದ್ದು ಹೊಸ ಗಂಡನ ಜೊತೆ ಅಜ್ಜಿ ತಾತನ ಫೋಟೊ ಮುಂದೆ ನಿಂತದ್ದನ್ನು. ದೊಡ್ಡಮ್ಮ ಮಾತ್ರ ಈಗಲೂ ಮನೆಗೆ ಬಂದವರಿಗೆಲ್ಲ ಸ್ಟೇಜಿನ ಫೋಟೊ ತೋರಿಸಿ, ‘ಆ ಹಸಿರು ಸೀರೆ ನಂದು’ ಅನ್ನುತ್ತಾರೆ.

ಅಪ್ಪನ ಎಫ್‌ಡಿ ಹಾಗೇ ಇದೆ. ಆ ಅರ್ಜಿಯ ಹಿಂಬದಿಯಲ್ಲಿ ನಾವು ಹೂವಿನ ಪಟ್ಟಿ ಬರೆದುಕೊಂಡಿದ್ದೆವು.